ಬಿಟ್ಟಿಗೆ ಸಿಕ್ಕಿದ ಸೀಮೋನ

ಮಹಾಕಥೆಗಳಲ್ಲಿ ಎರಡು ಬಗೆಯ ಜನರಿರುತ್ತಾರೆ. ಆದಿಯಿಂದ ಅಂತ್ಯದವರೆಗೆ ಕಥೆಯೊಡನೆ ಸಾಗಿ, ತಮ್ಮ ಗುಣಾವಗುಣಗಳಿಂದ ಅದನ್ನು ನಡೆಸುವವರು ಒಂದು ಬಗೆ. ಒಂದೇ ಒಂದು ಗಳಿಗೆ ಕಾಣಿಸಿಕೊಂಡು, ತಮ್ಮ ಪಾಲಿನ ಕೆಲಸವನ್ನು ತೀರಿಸಿ, ಮರಳಿ ಮರೆಗೆ ಸರಿಯುವವರು ಇನ್ನೊಂದು ಬಗೆ. ರಾಮಾಯಣದ ಗುಹನನ್ನೂ ಶಬರಿಯನ್ನೂ ಅರಿಯದ ವಾಚಕರಿಲ್ಲ. ಗುಹನು ಸ್ನೇಹದಿಂದ ದೋಣಿಯನ್ನು ತರಿಸಿದನು. ಶಬರಿಯು ಭಕ್ತಿಯಿಂದ ಕಾದಿದ್ದು ವನದ ಫಲಗಳನ್ನು ಕೂಡಿಸಿಟ್ಟಳು. ಅವರ ಸೇವೆಯು ಅವರ ಮನಸ್ಸಿನಿಂದಲೇ ಹುಟ್ಟಿದುದು. ಆದರೆ ಮನಸ್ಸಿನ ಮಾತೇ ಇಲ್ಲದೆ, ತನ್ನಷ್ಟಕ್ಕೆ ತಾನು ದಾರಿ ಹಿಡಿದು ಹೋಗುತ್ತಿದ್ದಾಗ ರಾಜಭಟರ ಕೈಗೆ ಸಿಕ್ಕಿ, ಪರರ ಹೊರೆಯನ್ನು ಹೆಗಲಿಗೇರಿಸಿಕೊಂಡು, ಅದರಿಂದಲೇ ಎರಡು ಸಹಸ್ರ ವರ್ಷಗಳ ಕಾಲ ಹೆಸರುಳಿಸಿಕೊಂಡ ಒಬ್ಬ ಮನುಷ್ಯನುಂಟು. ಕ್ರೈಸ್ತರ ಸುವಾರ್ತೆಗಳಲ್ಲಿ ಬರುವ ಕುರೇನೆ ಊರಿನ ಸೀಮೋನನೇ ಅವನು. ಅವನ ವಿಷಯವಾಗಿ ನಾಲ್ಕು ಮಾತುಗಳನ್ನು ಇಲ್ಲಿ ಬರೆಯಬೇಕೆಂದಿದ್ದೇವೆ.

ಸಂಸ್ಕೃತ ಪಾಠಗಳನ್ನು ಹೇಳಿ ನಿವೃತ್ತರಾದ ನಮಗೆ ಈ ಸೀಮೋನನ ಚಿಂತೆ ಏಕೆ ಬಂದಿತೆಂದು ವಾಚಕರು ಕೇಳಬಹುದು. ಕಾರಣವನ್ನು ಹೇಳುತ್ತೇವೆ. ಕಲಬುರಗಿಯಲ್ಲಿ ನಮ್ಮ ಕೈಯಲ್ಲಿ ಓದಿದ ಒಬ್ಬ ಹೆಣ್ಣುಮಗಳು ಈಗ ಇದೇ ಊರಿನಲ್ಲಿ ಶಾಲೆಯೊಂದರ ಶಿಕ್ಷಕಿಯಾಗಿದ್ದಾಳೆ. ಹುಟ್ಟಿನಿಂದ ಕ್ರೈಸ್ತಳು. ಅವಳ ಅತ್ತೆಗೆ ಲಕ್ವಾ ಹೊಡೆದು ಮೂರು ವರ್ಷಗಳಾದುವು. ಮುದುಕಿಯನ್ನು ಎತ್ತಿ ಕೂರಿಸುವುದು, ತೊಳೆಯುವುದು, ಉಣಿಸುವುದು, ರಾತ್ರಿ ಎರಡೆರಡು ಸಲ ಮಗ್ಗುಲು ಬದಲಿಸುವುದು ಎಲ್ಲವೂ ಈ ಸೊಸೆಯೊಬ್ಬಳ ಪಾಲಿನ ಕೆಲಸ. ಮುದುಕಿಗೆ ಬೇರೆ ಮಕ್ಕಳೂ ಇದ್ದಾರೆ. ಒಬ್ಬರು ಪುಣೆಯಲ್ಲಿ, ಒಬ್ಬರು ಸೊಲ್ಲಾಪುರದಲ್ಲಿ. ಹಬ್ಬಕ್ಕೆ ಬರುತ್ತಾರೆ, ಹಣ್ಣು ತರುತ್ತಾರೆ, ಅತ್ತಿಗೆಯನ್ನು ಹೊಗಳುತ್ತಾರೆ, ಹೋಗುತ್ತಾರೆ. ಕಳೆದ ಶುಭ ಶುಕ್ರವಾರದ ಮಾರನೆಯ ದಿನ ಅವಳು ನಮ್ಮ ಮನೆಗೆ ಬಂದು, ಬಹಳ ಹೊತ್ತು ಸುಮ್ಮನೆ ಕುಳಿತು, ಕಡೆಗೆ ಹೀಗೆಂದಳು:

"ಸರ, ನಿನ್ನೆ ನಮ್ಮ ಸಭೆಯೊಳಗ ಸೀಮೋನನ ಕತಿ ಓದಿದ್ರು. ಅವಾ ಭಾಳ ಪುಣ್ಯವಂತ ಅಂದ್ರು. ಆದ್ರ ಅವನ್ನ ಯಾರೂ ಕೇಳಿರಲಿಲ್ಲಲ್ರಿ? ಹಿಡಿದು ಹೊರಿಸಿದ್ರು. ನಂದೂ ಹಂಗೇ ಆಗ್ಯಾದರಿ. ನಾ ಒಪ್ಪಿ ಹೊತ್ತಾಕಿ ಅಲ್ಲ. ಒಳಗೊಳಗ ಸಿಟ್ಟು ಬರ್ತದ. ಇಂಥಾದ್ದಕ್ಕೂ ಪುಣ್ಯ ಅಂತಾರೇನ್ರಿ?"

ನಮಗೆ ಥಟ್ಟನೆ ಉತ್ತರ ತೋಚಲಿಲ್ಲ. "ಯವ್ವಾ, ಓದಿ ಹೇಳ್ತೀನಿ" ಎಂದು ಅವಳನ್ನು ಕಳುಹಿಸಿದೆವು. ಆ ರಾತ್ರಿಯಿಂದ ಸುವಾರ್ತೆಗಳನ್ನು ತೆಗೆದಿಟ್ಟುಕೊಂಡು, ಶಾಸ್ತ್ರವನ್ನೋದುವವನು ಓದಬೇಕಾದ ರೀತಿಯಲ್ಲಿ, ಅಂದರೆ ಗ್ರಂಥದಲ್ಲಿ ಇರುವುದೇನು, ಜನರು ಕೂಡಿಸಿದುದೇನು ಎಂಬುದನ್ನು ಬೇರೆಬೇರೆ ಮಾಡಿಕೊಂಡು ಓದತೊಡಗಿದೆವು.

ಮೊದಲು ಗ್ರಂಥದಲ್ಲಿರುವುದನ್ನು ನೋಡೋಣ. ಸುವಾರ್ತೆಗಳು ನಾಲ್ಕು. ಅವುಗಳಲ್ಲಿ ಮೂರು ಸೀಮೋನನನ್ನು ಹೆಸರಿಸುತ್ತವೆ. ಮೂರರಲ್ಲಿಯೂ ಒಂದೊಂದೇ ವಾಕ್ಯ. ಮತ್ತಾಯನ ಇಪ್ಪತ್ತೇಳನೆಯ ಅಧ್ಯಾಯದಲ್ಲಿ, ಸಿಪಾಯಿಗಳು ಯೇಸುವನ್ನು ಕರೆದೊಯ್ಯುತ್ತ ಹೊರಕ್ಕೆ ಬರುವಾಗ ಕುರೇನೆಯವನಾದ ಸೀಮೋನನೆಂಬವನನ್ನು ಕಂಡು, ಶಿಲುಬೆ ಹೊರುವುದಕ್ಕಾಗಿ ಹಿಡಿದರೆಂದು ಇದೆ. ಮಾರ್ಕನ ಹದಿನೈದನೆಯ ಅಧ್ಯಾಯವು ಇದಕ್ಕೆ ಇನ್ನೆರಡು ಸಂಗತಿಗಳನ್ನು ಕೂಡಿಸುತ್ತದೆ: ಅವನು ಹೊಲದ ಕಡೆಯಿಂದ ಬರುತ್ತಿದ್ದ ದಾರಿಹೋಕನು, ಮತ್ತು ಅವನು ಅಲೆಕ್ಸಾಂದ್ರ, ರೂಫ ಎಂಬಿಬ್ಬರ ತಂದೆ. ಲೂಕನ ಇಪ್ಪತ್ಮೂರನೆಯ ಅಧ್ಯಾಯವು ಮಕ್ಕಳ ಹೆಸರನ್ನು ಹೇಳದೆ, ಸೀಮೋನನು ಶಿಲುಬೆಯನ್ನು ಯೇಸುವಿನ ಹಿಂದೆ ಹೊತ್ತು ನಡೆದನೆಂಬ ಒಂದು ಮಾತನ್ನು ಸೇರಿಸುತ್ತದೆ. ನಾಲ್ಕನೆಯದಾದ ಯೋಹಾನನ ಸುವಾರ್ತೆಯಲ್ಲಿ ಸೀಮೋನನೇ ಇಲ್ಲ; ಅಲ್ಲಿ ಯೇಸು ತನ್ನ ಶಿಲುಬೆಯನ್ನು ತಾನೇ ಹೊತ್ತು ಹೊರಟನೆಂದಷ್ಟೇ ಇದೆ. ಮೊದಲು ತಾನು ಹೊತ್ತು, ದಾರಿಯಲ್ಲಿ ಸೋತಾಗ ಸೀಮೋನನಿಗೆ ಹೊರಿಸಿದರೆಂದು ಎರಡನ್ನೂ ಹೊಂದಿಸುವುದು ವ್ಯಾಖ್ಯಾನಕಾರರ ವಾಡಿಕೆ.

ಇಷ್ಟೇ. ಸೀಮೋನನು ಏನಾದರೂ ಮಾತನಾಡಿದನೆ? ಗ್ರಂಥದಲ್ಲಿಲ್ಲ. ಅತ್ತನೆ, ಸಿಟ್ಟಾದನೆ, ಭಕ್ತನಾದನೆ? ಅದೂ ಇಲ್ಲ. ಯೇಸು ದಾರಿಯಲ್ಲಿ ಮೂರು ಸಲ ಬಿದ್ದನೆಂದು ಚಿತ್ರಗಳಲ್ಲಿ ನೋಡುತ್ತೇವಲ್ಲ, ಅದು ಕೂಡ ಸುವಾರ್ತೆಗಳಲ್ಲಿಲ್ಲ. ಕಥೋಲಿಕರು ಆಚರಿಸುವ ಶಿಲುಬೆಯ ಹಾದಿಯ ಸಂಪ್ರದಾಯದಿಂದ ಬಂದುದು. ಆ ಹಾದಿಯ ನಿಲುಗಡೆಗಳು ಹದಿನಾಲ್ಕೆಂದು ೧೭೩೧ರಲ್ಲಿ ಹನ್ನೆರಡನೆಯ ಕ್ಲೆಮೆಂಟ್ ಪೋಪರು ಗೊತ್ತುಪಡಿಸಿದರು. ಐದನೆಯ ನಿಲುಗಡೆಯು ಸೀಮೋನನದು. ಕಲಬುರಗಿಯು ೨೦೦೫ರಿಂದ ಒಂದು ಕಥೋಲಿಕ ಧರ್ಮಪ್ರಾಂತದ ಕೇಂದ್ರವಾಗಿರುವುದರಿಂದ ಈ ಹಾದಿಯು ನಮ್ಮ ಊರಿಗೂ ಅಪರಿಚಿತವಲ್ಲ. ಇನ್ನು ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಬಸಿಲಿದೇಸನೆಂಬವನ ಪಂಥದವರು ಶಿಲುಬೆಗೇರಿದವನೇ ಸೀಮೋನನೆಂದು ಹೇಳುತ್ತಿದ್ದರಂತೆ. ಹೀಗೆಂದು ಅವರನ್ನು ಖಂಡಿಸಿದ ಐರೆನಿಯಸ್ ಬರೆದಿಟ್ಟಿದ್ದಾನೆ. ಮಾತಿಲ್ಲದ ಮನುಷ್ಯನ ಸುತ್ತ ಮಾತುಗಳು ಬೆಳೆಯುವುದು ಎಲ್ಲ ಪುರಾಣಗಳಲ್ಲಿಯೂ ಕಾಣುವ ಸಂಗತಿಯಾಗಿದೆ. ನಾವು ಮೂಲಕ್ಕೇ ಮರಳೋಣ.

ಮೂಲದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದುದು ಒಂದು ಕ್ರಿಯಾಪದ. ಸುವಾರ್ತೆಗಳು ಗ್ರೀಕ್ ಭಾಷೆಯಲ್ಲಿ ಬರೆಯಲ್ಪಟ್ಟವು. ಮತ್ತಾಯನೂ ಮಾರ್ಕನೂ ಸೀಮೋನನನ್ನು ಹಿಡಿದರೆಂಬಲ್ಲಿ 'ಅಂಗರೆವೊ' ಎಂಬ ಧಾತುವನ್ನು ಬಳಸಿದ್ದಾರೆ. ಇದು ಗ್ರೀಕರ ಮೂಲ ಶಬ್ದವಲ್ಲ, ಪಾರಸಿಕರಿಂದ ಬಂದುದು. ಪಾರಸಿಕ ಚಕ್ರವರ್ತಿಗಳ ಕುದುರೆಯಂಚೆಯ ವ್ಯವಸ್ಥೆಗೆ ಅಂಗರೆಯೋನ್ ಎಂಬ ಹೆಸರಿತ್ತೆಂದು ಹಿರೊಡೋಟಸನು ತನ್ನ ಇತಿಹಾಸದಲ್ಲಿ ಹೇಳುತ್ತಾನೆ. ರಾಜಕಾರ್ಯಕ್ಕೆಂದು ಪ್ರಜೆಯ ಕುದುರೆಯನ್ನು, ಕತ್ತೆಯನ್ನು, ಬಂಡಿಯನ್ನು, ಕಡೆಗೆ ಪ್ರಜೆಯನ್ನೇ ಹಿಡಿದು ದುಡಿಸಿಕೊಳ್ಳುವ ಅರ್ಥವು ಕ್ರಮೇಣ ಆ ಶಬ್ದಕ್ಕೆ ಕೂಡಿಕೊಂಡಿತು. ಪಾರಸಿಕರು ಹೋದರು, ಗ್ರೀಕರು ಬಂದರು, ರೋಮಿನವರು ಬಂದರು. ಹಿಡಿಯುವ ಕೈ ಬದಲಾಯಿತೇ ಹೊರತು ಶಬ್ದವೂ ಉಳಿಯಿತು, ಹೊರೆಯೂ ಉಳಿಯಿತು.

ಈ ಶಬ್ದಕ್ಕೆ ಸಂಸ್ಕೃತದಲ್ಲಿ ಸಮಾನಪದವುಂಟೆ? ಉಂಟು: 'ವಿಷ್ಟಿ'. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಮಾತು ಬಂದಿದೆ. ಕುಶಲಕರ್ಮಿಗಳಿಂದಲೂ ಮೈಮುರಿದು ದುಡಿದುಣ್ಣುವವರಿಂದಲೂ ರಾಜನು ತಿಂಗಳಿಗೊಂದು ದಿನ ಕೆಲಸ ಮಾಡಿಸಿಕೊಳ್ಳಬಹುದೆಂದು ಮನುಸ್ಮೃತಿಯ ಏಳನೆಯ ಅಧ್ಯಾಯವು ವಿಧಿಸುತ್ತದೆ. ಕ್ರಿಸ್ತಶಕ ೧೫೦ರ ಹೊತ್ತಿಗೆ ಸೌರಾಷ್ಟ್ರದ ಜುನಾಗಢದ ಬಂಡೆಯ ಮೇಲೆ ಮಹಾಕ್ಷತ್ರಪ ರುದ್ರದಾಮನನು ಬರೆಯಿಸಿದ ಸಂಸ್ಕೃತ ಶಾಸನದಲ್ಲಿ, ಒಡೆದುಹೋದ ಸುದರ್ಶನ ಕೆರೆಯನ್ನು ತಾನು ಕರದಿಂದಾಗಲಿ, ವಿಷ್ಟಿಯಿಂದಾಗಲಿ ಪ್ರಜೆಗಳನ್ನು ಪೀಡಿಸದೆ ತನ್ನ ಭಂಡಾರದ ಹಣದಿಂದಲೇ ಕಟ್ಟಿಸಿದೆನೆಂದು ಹೇಳಿಕೊಂಡಿದ್ದಾನೆ. ವಿಷ್ಟಿಯಿಲ್ಲದೆ ಒಂದು ಕೆಲಸವನ್ನು ಮುಗಿಸಿದುದೇ ಅರಸನಿಗೆ ಕಲ್ಲಿನಲ್ಲಿ ಕೆತ್ತಿಸತಕ್ಕಷ್ಟು ಹೊಗಳಿಕೆಯ ಮಾತಾಗಿತ್ತೆಂದರೆ, ಬೇರೆಡೆಯಲ್ಲಿ ನಡೆಯುತ್ತಿದ್ದುದು ಏನೆಂಬುದು ತಾನೇ ತಿಳಿಯುತ್ತದೆ.

ಈ ವಿಷ್ಟಿಯ ತದ್ಭವವೇ ಕನ್ನಡದ 'ಬಿಟ್ಟಿ'. ಇಂದು ನಾವು ಬಿಟ್ಟಿ ಎಂಬುದನ್ನು ಹಣ ಕೊಡದೆ ದೊರೆತದ್ದು ಎಂಬರ್ಥದಲ್ಲಿ ನಗುನಗುತ್ತ ಬಳಸುತ್ತೇವೆ: ಬಿಟ್ಟಿ ಊಟ, ಬಿಟ್ಟಿ ಪ್ರಯಾಣ. ಆದರೆ ಶಬ್ದದ ಹೊಟ್ಟೆಯೊಳಗೆ ಇರುವುದು ಕೂಲಿ ಕೊಡದೆ ಮಾಡಿಸಿಕೊಂಡ ದುಡಿಮೆ. ತೆಗೆದುಕೊಂಡವನಿಗೆ ಬಿಟ್ಟಿಯೆಂದರೆ ಲಾಭ. ಹೊತ್ತವನಿಗೆ ಬಿಟ್ಟಿಯೆಂದರೆ ಬೆನ್ನಿನ ಬಾವು. ಶಬ್ದವೊಂದೇ, ನೋಡುವ ಸ್ಥಾನ ಬೇರೆ. ನಮ್ಮ ಭಾಗದಲ್ಲಿ ಇದನ್ನೇ ಬೇಗಾರಿಯೆಂದೂ ಕರೆದರು; ಅದು ಕೂಡ ಪಾರಸಿಯಿಂದಲೇ ಬಂದ ಮಾತು. ಅಂಗರೆವೊ ಎಂಬುದನ್ನು ಕನ್ನಡದಲ್ಲಿ ಹೇಳಬೇಕಾದರೆ 'ಬಿಟ್ಟಿ ಹಿಡಿದರು' ಎಂಬುದಕ್ಕಿಂತ ಸರಿಯಾದ ಮಾತು ನಮಗೆ ತಿಳಿಯದು.

ಇಲ್ಲಿಗೆ ಬಂದಾಗ ನಾವು ಪುಸ್ತಕವನ್ನು ಮುಚ್ಚಿದೆವು. ಏಕೆಂದರೆ ಈ ಶಬ್ದವನ್ನು ನಾವು ಮೊದಲು ಕಲಿತದ್ದು ಕೋಶದಿಂದಲ್ಲ.

ನಮ್ಮ ಹುಟ್ಟೂರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಕ್ಕೆ ಹೋಗುವ ಹೆದ್ದಾರಿಯಲ್ಲಿ, ಸುಮಾರು ೩೫ ಕಿಲೋಮೀಟರು ದೂರದಲ್ಲಿದೆ. ಈಗ ತಾಲೂಕಿನ ಕೇಂದ್ರವೂ ಆಗಿದೆ. ಆ ಊರಿನ ಕೆಂಪು ಬಾಳೆಹಣ್ಣನ್ನು ಕೇಳದವರು ಕಡಿಮೆ. ನಮ್ಮ ಅಜ್ಜನಿಗೆ ಅಲ್ಲಿ ಒಂದು ಸಣ್ಣ ಬಾಳೆಯ ತೋಟವಿತ್ತು. ನಾವು ಹುಡುಗರಾಗಿದ್ದಾಗ, ಜಗಳದಲ್ಲಿ ಒಬ್ಬ ಹುಡುಗನು ನಮ್ಮನ್ನು "ಬಿಟ್ಟಿ ಹೊತ್ತಾವನ ಮೊಮ್ಮಗ" ಎಂದು ಹಂಗಿಸಿದನು. ಅರ್ಥವಾಗದೆ ಮನೆಗೆ ಬಂದು ಅಜ್ಜನನ್ನೇ ಕೇಳಿದೆವು. ಅಜ್ಜನು ಉತ್ತರ ಕೊಡದೆ ಎದ್ದು ಹೊರಗೆ ಹೋದನು. ಅವನು ತೀರಿಕೊಂಡ ಮೇಲೆ ಅಜ್ಜಿಯು ನಮಗೆ ಹೇಳಿದ ವೃತ್ತಾಂತವಿದು.

ನಮ್ಮ ಸೀಮೆಯು ಆಗ ನಿಜಾಮರ ಹೈದರಾಬಾದ ಸಂಸ್ಥಾನಕ್ಕೆ ಸೇರಿತ್ತು. ೧೯೪೮ಕ್ಕೆ ಕೆಲವು ವರ್ಷ ಮೊದಲಿನ ಮಾತು. ಒಂದು ಸಂಜೆ ಅಜ್ಜನು ತೋಟದಿಂದ ಮನೆಗೆ ಬರುತ್ತಿರುವಾಗ, ದಾರಿಯಲ್ಲಿ ಯಾರೋ ಒಬ್ಬ ಅಧಿಕಾರಿಯ ಸಾಮಾನಿನ ಬಂಡಿಯು ಅಚ್ಚು ಮುರಿದು ನಿಂತಿತ್ತು. ಆಳುಗಳು ಹಾದಿಹೋಕರನ್ನು ಹಿಡಿಯುತ್ತಿದ್ದರು. ಅಜ್ಜನ ಕೈಯೊಳಗಿನ ಕುಡುಗೋಲನ್ನು ಕಸಿದು ಬದುವಿಗೆಸೆದು, ತಲೆಯ ಮೇಲೆ ಒಂದು ಪೆಟ್ಟಿಗೆಯನ್ನಿಟ್ಟರು. ಅವನೊಡನೆ ಇನ್ನೂ ಮೂವರಿದ್ದರು. ಅವರಲ್ಲೊಬ್ಬನು ಬೇರೆ ಹಳ್ಳಿಯ ಮುದುಕ, ಕೆಮ್ಮಿನಿಂದ ನರಳುತ್ತಿದ್ದವನು. ಅರ್ಧ ದಾರಿಯಲ್ಲಿ ಮುದುಕನು ಕುಸಿದನು. ಆಳು ಚಾಟಿಯೆತ್ತಿದನು. ಆಗ ಅಜ್ಜನು ಏನೂ ಹೇಳದೆ ಮುದುಕನ ಗಂಟನ್ನೆತ್ತಿ ತನ್ನ ಪೆಟ್ಟಿಗೆಯ ಮೇಲಿಟ್ಟುಕೊಂಡು ನಡೆದನು. ಬೀಡಾರ ತಲುಪಿದ ಮೇಲೆ ಕೂಲಿಯಿಲ್ಲ, ನೀರಿಲ್ಲ, ಹೋಗಿರೆಂದರು. ಅಜ್ಜನು ಮುದುಕನಿಗೆ ಹೆಗಲು ಕೊಟ್ಟು, ಇಡೀ ರಾತ್ರಿ ನಡೆದು, ಬೆಳಗಿನ ಜಾವ ಮನೆಗೆ ಕರೆತಂದನು. ಅಜ್ಜಿಯು ರೊಟ್ಟಿ ಬಡಿದು ಇಬ್ಬರಿಗೂ ಉಣಿಸಿದಳು. ಆ ಮುದುಕನು ಮುಂದೆ ಬದುಕಿದ್ದಷ್ಟು ವರ್ಷ ಸುಗ್ಗಿಯಾದೊಡನೆ ಒಂದು ಸಣ್ಣ ಚೀಲ ತೊಗರಿಯನ್ನು ಹೊತ್ತು ನಮ್ಮ ಮನೆಗೆ ಬರುತ್ತಿದ್ದನಂತೆ. ಅಜ್ಜಿಯನ್ನು ತಂಗಿಯೆಂದು ಕರೆಯುತ್ತಿದ್ದನಂತೆ. ಆದರೆ ಅಜ್ಜನಿಗೆ ಮಾತ್ರ ಆ ರಾತ್ರಿಯ ನೆನಪು ನಾಚಿಕೆಯದಾಗಿಯೇ ಉಳಿಯಿತು. "ಎತ್ತಿನಂಗ ಹೇರಿದ್ರು" ಎಂದು ಒಮ್ಮೆ ಮಾತ್ರ ಅಂದಿದ್ದನಂತೆ.

ಅಜ್ಜನ ನಾಚಿಕೆಯನ್ನು ನಾವೂ ಆನುವಂಶಿಕವಾಗಿ ಪಡೆದೆವು. ಕಲಬುರಗಿಗೆ ಬಂದು ಪಾಠಶಾಲೆ ಸೇರಿ ಪಾಣಿನಿಯ ಸೂತ್ರಗಳನ್ನು ಬಾಯಿಪಾಠ ಮಾಡಿದಾಗಲೂ, ಮುಂದೆ ಮಾಸ್ತರಿಕೆ ದೊರೆತಾಗಲೂ, ಈ ಕಥೆಯನ್ನು ಯಾರಿಗೂ ಹೇಳಿರಲಿಲ್ಲ. ನಮ್ಮ ಮಕ್ಕಳಿಗೂ ಹೇಳಿರಲಿಲ್ಲ.

ಈಗ ಸೀಮೋನನ ಬಳಿಗೆ ಹೋಗೋಣ. ಕುರೇನೆಯು ಆಫ್ರಿಕಾದ ಉತ್ತರ ಕರಾವಳಿಯ ಹತ್ತಿರ, ಇಂದಿನ ಲಿಬಿಯಾ ದೇಶದ ಪೂರ್ವಭಾಗದಲ್ಲಿದ್ದ ಪಟ್ಟಣ. ಕ್ರಿಸ್ತಪೂರ್ವ ಏಳನೆಯ ಶತಮಾನದಲ್ಲಿ ಥೇರಾ ದ್ವೀಪದಿಂದ ಬಂದ ಗ್ರೀಕರು ಕಟ್ಟಿದುದು. ಭೂಮಿಯ ಸುತ್ತಳತೆಯನ್ನು ನೆರಳಿನ ಲೆಕ್ಕದಿಂದ ಕಂಡುಹಿಡಿದ ಎರಟೊಸ್ಥೆನೀಸನು ಆ ಊರಿನವನೇ. ಅದರ ಅವಶೇಷಗಳನ್ನು ೧೯೮೨ರಲ್ಲಿ ವಿಶ್ವಪರಂಪರೆಯ ತಾಣವೆಂದು ಸಾರಲಾಯಿತು. ಅಲ್ಲಿ ಯೆಹೂದ್ಯರ ದೊಡ್ಡ ವಸತಿಯಿತ್ತು. ಯೆರೂಸಲೇಮಿನಲ್ಲಿ ಕುರೇನೆಯವರು ಸೇರುತ್ತಿದ್ದ ಸಭಾಮಂದಿರವನ್ನು ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವು ಹೆಸರಿಸುತ್ತದೆ. ಸೀಮೋನ ಎಂಬುದು ಕೇಳುವುದು ಎಂಬರ್ಥದ ಇಬ್ರಿಯ ಧಾತುವಿನಿಂದ ಬಂದ ಹೆಸರು. ನಮ್ಮ 'ಶ್ರು' ಧಾತುವಿನ ಅರ್ಥವೇ. ಅವನು ಪಸ್ಕಹಬ್ಬಕ್ಕೆಂದು ದೂರದಿಂದ ಬಂದ ಯಾತ್ರಿಕನೋ, ಯೆರೂಸಲೇಮಿನ ಹತ್ತಿರವೇ ನೆಲೆಸಿ ಹೊಲ ಮಾಡಿಕೊಂಡಿದ್ದವನೋ ಎಂಬುದನ್ನು ಗ್ರಂಥವು ಹೇಳುವುದಿಲ್ಲ. ಅವನ ಮೈಬಣ್ಣದ ಮಾತನ್ನೂ ಹೇಳುವುದಿಲ್ಲ. ಹೊಲದ ಕಡೆಯಿಂದ ಬರುತ್ತಿದ್ದನೆಂಬುದಷ್ಟೇ ನಿಶ್ಚಯ.

ಹೊರಿಸಿದುದು ಏನು? ರೋಮಿನ ಪದ್ಧತಿಯಲ್ಲಿ ಮರಣದಂಡನೆಗೆ ಗುರಿಯಾದವನು ಸಾಮಾನ್ಯವಾಗಿ ಇಡೀ ಶಿಲುಬೆಯನ್ನಲ್ಲ, ಅದರ ಅಡ್ಡತೊಲೆಯನ್ನು ಹೊರುತ್ತಿದ್ದನು. ಕೊರಡೆಯ ಏಟುಗಳಿಂದ ಜರ್ಜರಿತನಾದವನಿಗೆ ಅದೂ ಅಸಾಧ್ಯವಾದಾಗ ಸಿಪಾಯಿಗಳು ತಾವು ಹೊರುವವರಲ್ಲ. ಶಿಲುಬೆಯನ್ನು ಮುಟ್ಟುವುದೇ ಅವಮಾನ. ಅದಕ್ಕಾಗಿ ಪ್ರಜೆಯೊಬ್ಬನನ್ನು ಹಿಡಿದರು. ಅದೇ ತಿಬೇರಿಯಸ್ ಚಕ್ರವರ್ತಿಯ ಆಳಿಕೆಯ ಆರಂಭಕಾಲದ ಒಂದು ಶಾಸನವು ಇಂದಿನ ತುರ್ಕಿ ದೇಶದ ಬುರ್ದುರಿನಲ್ಲಿ ದೊರೆತು ೧೯೭೬ರಲ್ಲಿ ಪ್ರಕಟವಾಯಿತು. ಲ್ಯಾಟಿನ್ ಮತ್ತು ಗ್ರೀಕ್ ಎರಡರಲ್ಲಿಯೂ ಬರೆದ ಅದರಲ್ಲಿ, ಅಧಿಕಾರಿಗಳೂ ಸಿಪಾಯಿಗಳೂ ಜನರಿಂದ ಬಂಡಿಗಳನ್ನೂ ಹೇಸರಗತ್ತೆಗಳನ್ನೂ ಮನಬಂದಂತೆ ಹಿಡಿಯಕೂಡದು, ಇಷ್ಟಿಷ್ಟೇ ಪಡೆಯಬೇಕು, ಇಷ್ಟಿಷ್ಟು ಬಾಡಿಗೆ ಕೊಡಬೇಕು ಎಂದು ಪ್ರಾಂತಾಧಿಕಾರಿಯು ವಿಧಿಸಿದ್ದಾನೆ. ಕಟ್ಟಳೆ ಬರೆಯಬೇಕಾಗಿ ಬಂದಿತೆಂಬುದೇ ಹಾವಳಿ ಎಷ್ಟಿತ್ತೆಂಬುದಕ್ಕೆ ಸಾಕ್ಷಿ.

ಹಾಗಾದರೆ ಶಾಸ್ತ್ರವು ಸೀಮೋನನಿಗೆ ಕೊಟ್ಟುದೇನು? ನಮ್ಮ ಬುದ್ಧಿಗೆ ಮೂರು ಸಂಗತಿಗಳು ಹೊಳೆದುವು.

ಮೊದಲನೆಯದು ಹೆಸರು. ಅವನನ್ನು ಹಿಡಿದ ಸಿಪಾಯಿಯ ಹೆಸರು ಯಾರಿಗೂ ಗೊತ್ತಿಲ್ಲ. ಆ ದಿನ ಆಜ್ಞೆ ಕೊಟ್ಟ ಶತಾಧಿಪತಿಯ ಹೆಸರನ್ನೂ ಸುವಾರ್ತೆಗಳು ಹೇಳುವುದಿಲ್ಲ. ಆದರೆ ಹಿಡಿಯಲ್ಪಟ್ಟವನ ಹೆಸರು, ಅವನ ಊರು, ಅವನ ಮಕ್ಕಳ ಹೆಸರು, ಅವನು ಬರುತ್ತಿದ್ದ ದಿಕ್ಕು ಸಹ ಉಳಿದಿವೆ. ಲೋಕದ ಇತಿಹಾಸಗಳಲ್ಲಿ ನಡೆಯುವುದು ಇದಕ್ಕೆ ವಿಪರೀತ: ಹೊರಿಸಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ, ಹೊತ್ತವರದು ಮಣ್ಣಿನಲ್ಲಿ ಅಳಿಯುತ್ತದೆ.

ಎರಡನೆಯದು ಸ್ಥಾನ. ಲೂಕನು ಮಾತ್ರ ಹೇಳಿದ 'ಯೇಸುವಿನ ಹಿಂದೆ' ಎಂಬ ಮಾತನ್ನು ವಾಚಕರು ಗಮನಿಸಬೇಕು. ಇದೇ ಲೂಕನ ಒಂಬತ್ತನೆಯ ಮತ್ತು ಹದಿನಾಲ್ಕನೆಯ ಅಧ್ಯಾಯಗಳಲ್ಲಿ ಶಿಲುಬೆಯನ್ನು ಹೊತ್ತು ತನ್ನ ಹಿಂದೆ ಬರುವವನೇ ಶಿಷ್ಯನೆಂದು ಯೇಸು ಹೇಳಿದ್ದಾನೆ. ಸೆರೆಗಾಗಲಿ ಸಾವಿಗಾಗಲಿ ಜೊತೆಗೆ ಬರುವೆನೆಂದು ಹಿಂದಿನ ರಾತ್ರಿ ಪ್ರತಿಜ್ಞೆ ಮಾಡಿದ ಸೀಮೋನನೊಬ್ಬನಿದ್ದನು, ಅವನೇ ಪೇತ್ರನು. ಬೆಳಗಾಗುವುದರೊಳಗೆ ಅವನು ಮೂರು ಸಲ ಗುರುವನ್ನು ಅರಿಯೆನೆಂದನು. ಪ್ರತಿಜ್ಞೆ ಮಾಡಿದ ಸೀಮೋನನು ದೂರ ಸರಿದನು. ಪ್ರತಿಜ್ಞೆಯೇ ಇಲ್ಲದ ಸೀಮೋನನು ಹೊರೆಯಡಿ ನಡೆದನು. ಮನಸ್ಸಿನ ಉತ್ಸಾಹವೇ ಎಲ್ಲವೂ ಅಲ್ಲ, ಮಾಡಿದ ಕಾರ್ಯಕ್ಕೂ ತನ್ನದೇ ಆದ ತೂಕವುಂಟೆಂದು ಈ ಎರಡು ಹೆಸರುಗಳನ್ನು ಎದುರುಬದುರಾಗಿಟ್ಟರೆ ತಿಳಿಯುತ್ತದೆ.

ಮೂರನೆಯದು ಮನೆತನ. ಅಲೆಕ್ಸಾಂದ್ರ, ರೂಫ ಎಂಬ ಹೆಸರುಗಳನ್ನು ಮಾರ್ಕನು ಯಾವ ವಿವರಣೆಯೂ ಇಲ್ಲದೆ ಹೇಳುವುದರಿಂದ, ಅವನ ಓದುಗರಿಗೆ ಆ ಮಕ್ಕಳು ಪರಿಚಿತರಾಗಿದ್ದರೆಂದು ಪಂಡಿತರು ಊಹಿಸುತ್ತಾರೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯದಲ್ಲಿ ರೂಫನೆಂಬವನಿಗೂ ಅವನ ತಾಯಿಗೂ ವಂದನೆ ಹೇಳಿ, ಆಕೆಯು ತನಗೂ ತಾಯಿಯಾಗಿದ್ದಳೆಂದಿದ್ದಾನೆ. ಈ ರೂಫನು ಸೀಮೋನನ ಮಗನೇ ಆಗಿದ್ದಲ್ಲಿ, ಆ ತಾಯಿಯು ಸೀಮೋನನ ಹೆಂಡತಿಯಾಗುತ್ತಾಳೆ. ಇದು ಸಂಭವವೇ ಹೊರತು ಸಿದ್ಧಾಂತವಲ್ಲ. ಆ ಕಾಲದಲ್ಲಿ ರೂಫನೆಂಬ ಹೆಸರು ಅಪರೂಪವಾಗಿರಲಿಲ್ಲ. ಹಾಗೆಯೇ ೧೯೪೧ರಲ್ಲಿ ಯೆರೂಸಲೇಮಿನ ಕಿದ್ರೋನ್ ಕಣಿವೆಯಲ್ಲಿ ಸುಕೆನಿಕ್ ಎಂಬ ಪುರಾತತ್ತ್ವಜ್ಞರು ಶೋಧಿಸಿದ ಸಮಾಧಿಗುಹೆಯೊಂದರಲ್ಲಿ, ಸೀಮೋನನ ಮಗ ಅಲೆಕ್ಸಾಂದ್ರನದೆಂದು ಬರೆದ ಅಸ್ಥಿಪೆಟ್ಟಿಗೆಯು ದೊರೆಯಿತು. ಅವಿಗಾದ್ ಎಂಬ ವಿದ್ವಾಂಸರು ೧೯೬೨ರಲ್ಲಿ ಅದನ್ನು ಪ್ರಕಟಿಸಿದರು. ಆ ಕುಟುಂಬವು ಕುರೇನೆ ಸೀಮೆಯದೆಂದು ತೋರುವ ಲಕ್ಷಣಗಳೂ ಅಲ್ಲಿವೆ. ಅವನೇ ಇವನೆಂದು ನಿರ್ಣಯಿಸಲು ಯಾವ ವಿದ್ವಾಂಸನಿಗೂ ಸಾಧ್ಯವಾಗಿಲ್ಲ. ಅದೇನೇ ಇರಲಿ, ಒಂದು ದಿನದ ಬಿಟ್ಟಿಯು ತಂದೆಯಲ್ಲಿಗೇ ಮುಗಿಯದೆ ಮಕ್ಕಳ ಹೆಸರಿಗೂ ಅಂಟಿಕೊಂಡಿತು. ಆದರೆ ಮಾರ್ಕನ ಸಭೆಯಲ್ಲಿ ಅದು ಹಂಗಿಸುವ ಮಾತಾಗಿರಲಿಲ್ಲ, ಗುರುತಿಸುವ ಮಾತಾಗಿತ್ತು. ಬಿಟ್ಟಿ ಹೊತ್ತವನ ಮಕ್ಕಳೆಂಬುದು ಅಲ್ಲಿ ಗೌರವದ ಪರಿಚಯ. ಇದನ್ನು ಓದಿದಾಗ, ಅರವತ್ತು ವರ್ಷದ ನಮ್ಮ ಕಣ್ಣು ಒದ್ದೆಯಾದುದನ್ನು ವಾಚಕರಿಂದ ಬಚ್ಚಿಡುವುದಿಲ್ಲ.

ಇನ್ನು ಪ್ರಶ್ನೆಯ ಮೂಲಕ್ಕೆ ಬರೋಣ: ಒಪ್ಪದೆ ಹೊತ್ತ ಹೊರೆಗೆ ಪುಣ್ಯವುಂಟೆ?

ಹೊರಿಸುವುದು ಅಧರ್ಮ, ಇದರಲ್ಲಿ ಸಂಶಯವಿಲ್ಲ. ಹೊತ್ತವನು ದೊಡ್ಡವನೆಂದ ಮಾತ್ರಕ್ಕೆ ಹೊರಿಸಿದವನು ಒಳ್ಳೆಯವನಾಗುವುದಿಲ್ಲ. ಸುವಾರ್ತೆಗಳು ಸಿಪಾಯಿಗಳನ್ನು ಎಲ್ಲಿಯೂ ಹೊಗಳಿಲ್ಲ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ೨೩ನೆಯ ಅನುಚ್ಛೇದವು ಬಿಟ್ಟಿಯನ್ನು ನಿಷೇಧಿಸಿದೆ. ಅದರ ಇಂಗ್ಲಿಷ್ ಪಾಠದಲ್ಲಿಯೂ 'ಬೇಗಾರ್' ಎಂಬ ನಮ್ಮವರ ಶಬ್ದವೇ ಇರುವುದು ವಿಶೇಷ. ೧೯೭೬ರಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸುವ ಕಾನೂನು ಬಂದಿತು. ಕಲ್ಯಾಣದ ಶರಣರು ಕಾಯಕವನ್ನು ಕೊಂಡಾಡಿದರೆಂದು ಎಲ್ಲರೂ ಹೇಳುತ್ತಾರೆ. ಆದರೆ ಕಾಯಕವು ತಾನಾಗಿ ಕೈಕೊಂಡ ದುಡಿಮೆ, ಬಿಟ್ಟಿಯು ಪರರು ಹೇರಿದ ದುಡಿಮೆ. ಎರಡನ್ನೂ ಒಂದೇ ಮಾಡಿ, ದುಡಿಯುವವನಿಗೆ ಕಾಯಕದ ಉಪದೇಶ ಮಾಡಿ ದುಡಿಸಿಕೊಳ್ಳುವವನು ಶರಣರಿಗೂ ದ್ರೋಹಿ.

ಆದರೆ ಹೊರೆಯು ಹೆಗಲ ಮೇಲೆ ಬಿದ್ದುಹೋದ ಮೇಲೆ ಹೊತ್ತವನ ಕೈಯಲ್ಲಿ ಏನೂ ಉಳಿಯುವುದಿಲ್ಲವೆ? ಇಲ್ಲಿಯೇ ಅಂಗರೆವೊ ಎಂಬ ಶಬ್ದವು ಮತ್ತೊಮ್ಮೆ ನೆರವಿಗೆ ಬರುತ್ತದೆ. ಹೊಸ ಒಡಂಬಡಿಕೆಯಲ್ಲೆಲ್ಲ ಆ ಕ್ರಿಯಾಪದ ಬರುವುದು ಮೂರೇ ಕಡೆ. ಎರಡು ಸೀಮೋನನ ಪ್ರಸಂಗದಲ್ಲಿ. ಮೂರನೆಯದು ಮತ್ತಾಯನ ಐದನೆಯ ಅಧ್ಯಾಯದ ಪರ್ವತಪ್ರಸಂಗದಲ್ಲಿ. ಯಾರಾದರೂ ಒಂದು ಹರಿದಾರಿ ಬಿಟ್ಟಿ ಹಿಡಿದರೆ ಅವನೊಡನೆ ಎರಡು ಹರಿದಾರಿ ಹೋಗಬೇಕೆಂಬುದು ಅಲ್ಲಿಯ ತಾತ್ಪರ್ಯ. ಇದನ್ನು ಹೇಡಿತನದ ಬೋಧೆಯೆಂದು ನಾವು ಬಹುಕಾಲ ಭಾವಿಸಿದ್ದೆವು. ಈಗ ಬೇರೆಯಾಗಿ ಕಾಣುತ್ತದೆ. ಮೊದಲನೆಯ ಹರಿದಾರಿಯು ಹಿಡಿದವನದು, ಎರಡನೆಯದು ನಡೆಯುವವನದು. ಅಜ್ಜನ ತಲೆಯ ಮೇಲೆ ಪೆಟ್ಟಿಗೆಯನ್ನಿಟ್ಟವರು ಅವರು. ಮುದುಕನ ಗಂಟನ್ನೆತ್ತಿಕೊಂಡವನು ಅಜ್ಜನೇ. ಪೆಟ್ಟಿಗೆಯು ಬಿಟ್ಟಿ, ಗಂಟು ಬಿಟ್ಟಿಯಲ್ಲ. ಎರಡೂ ಒಂದೇ ತಲೆಯ ಮೇಲಿದ್ದವು. ಪಾಪ, ಅಜ್ಜನು ಕಡೆಯವರೆಗೂ ಪೆಟ್ಟಿಗೆಯನ್ನು ನೆನೆದು ನಾಚಿದನು, ಗಂಟನ್ನು ನೆನೆಯಲಿಲ್ಲ.

ನಮ್ಮ ವಿದ್ಯಾರ್ಥಿನಿಯನ್ನು ಕರೆಸಿ ಇಷ್ಟನ್ನೂ ಹೇಳಿದೆವು. "ಯವ್ವಾ, ಸಿಟ್ಟು ಬಂದ್ರ ಬರಲಿ. ಹೊರಿ ಬಿದ್ದದ್ದು ನಿನ್ನ ತಪ್ಪಲ್ಲ. ಆದ್ರ ನಡುರಾತ್ರಿ ಎದ್ದು ಆಕಿ ಮಗ್ಗಲ ಬದಲಿಸ್ತೀಯಲ್ಲ, ಅದು ಯಾರೂ ಹೇರಿದ್ದಲ್ಲ, ಅದು ನಿಂದು" ಎಂದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದ್ರಿ ಸರ. ಆದ್ರ ಅದನ್ನ ನಾಕು ದಿನ ಬ್ಯಾರೆಯವರೂ ಮಾಡಬೇಕಲ್ರಿ?" ಎಂದಳು.

ಅವಳ ಮಾತೇ ಈ ಲೇಖನದ ಉತ್ತರಾರ್ಧ. ಮನೆಮಂದಿಯೆಲ್ಲ ಓದುವ ಪತ್ರಿಕೆಯಾದುದರಿಂದ ಇದನ್ನು ಒತ್ತಿ ಹೇಳುತ್ತೇವೆ. ಸೀಮೋನನ ಕಥೆಯನ್ನು ಹೊರುವವರಿಗಷ್ಟೇ ಹೇಳಿ, ಹೊರಿಸುವವರು ಕೈತೊಳೆದುಕೊಳ್ಳಬಾರದು. ಯೇಸುವೇ ತನ್ನ ಶಿಲುಬೆಯನ್ನು ಕೊನೆಯವರೆಗೆ ಒಬ್ಬನೇ ಹೊರಲಾರದೆ ಇನ್ನೊಬ್ಬನ ಹೆಗಲು ಬೇಕಾಯಿತೆಂದು ಮೂರು ಸುವಾರ್ತೆಗಳು ಸಂಕೋಚವಿಲ್ಲದೆ ಹೇಳುತ್ತಿರಲಾಗಿ, ಮನೆಯ ಸೊಸೆಯೊಬ್ಬಳು ಮೂರು ವರ್ಷ ಒಬ್ಬಳೇ ಹೊರಬೇಕೆಂದು ಬಯಸುವುದು ಯಾವ ಶಾಸ್ತ್ರ? ಹೊಗಳಿಕೆಯೂ ಹಣ್ಣಿನ ಬುಟ್ಟಿಯೂ ಹೆಗಲಾಗುವುದಿಲ್ಲ. ಹಾಸಿಗೆ ಹಿಡಿದವರು ಇರುವ ಮನೆಯಲ್ಲಿ ತಿಂಗಳಿಗೆ ನಾಲ್ಕು ದಿನ ಬಂದು ನಿಲ್ಲುವವನು, ಅಷ್ಟೂ ಆಗದ ಪಕ್ಷದಲ್ಲಿ ಕೂಲಿ ಕೊಟ್ಟು ಒಬ್ಬ ಸಹಾಯಕಳನ್ನು ಇರಿಸುವವನು, ನೂರು ಹೊಗಳಿಕೆಗಳಿಗಿಂತ ಮೇಲು. ನಮ್ಮ ಅನುಮತಿ ಕೇಳಿಕೊಂಡು ಅವಳು ಈ ಮಾತುಗಳನ್ನು ಸೊಲ್ಲಾಪುರಕ್ಕೆ ಪತ್ರದಲ್ಲಿ ಬರೆದಳು. ಮೈದುನನ ಹೆಂಡತಿ ಬಂದು ಎಂಟು ದಿನ ಇದ್ದು ಹೋದಳು. ಮತ್ತೆ ಬರುವೆನೆಂದಿದ್ದಾಳೆ.

ನಾವೂ ನಮ್ಮ ಪಾಲಿನದನ್ನು ತೀರಿಸಬೇಕಾಗಿತ್ತು. ಹೋದ ತಿಂಗಳು ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಕಮಲಾಪುರಕ್ಕೆ ಹೋದೆವು. ತೋಟವು ಈಗ ಬೇರೆಯವರದಾಗಿದೆ. ಕೆಂಪು ಬಾಳೆಯ ಗೊನೆಗಳು ತೂಗುತ್ತಿದ್ದವು. ಒಡೆಯರ ಅಪ್ಪಣೆ ಪಡೆದು ಬದುವಿನ ಮೇಲೆ ಕುಳಿತು, ಅರ್ಧ ಶತಮಾನ ಮುಚ್ಚಿಟ್ಟಿದ್ದ ಕಥೆಯನ್ನು ಮಕ್ಕಳಿಗೆ ಹೇಳಿದೆವು. ಕಿರಿಯ ಮೊಮ್ಮಗಳು ಎಲ್ಲವನ್ನೂ ಕೇಳಿ, "ಅಜ್ಜಾ, ಆ ಅಧಿಕಾರಿ ಹೆಸರೇನು?" ಎಂದಳು.

ಯಾರಿಗೂ ಗೊತ್ತಿಲ್ಲವೆಂದೆವು. ನಿಮ್ಮ ಮುತ್ತಜ್ಜನ ಅಪ್ಪನ ಹೆಸರು ಮಾತ್ರ ಗೊತ್ತು ಎಂದು ಹೇಳಿ, ಅದನ್ನು ಅವಳಿಂದ ಎರಡು ಸಲ ಹೇಳಿಸಿದೆವು.